ಗುರಿಯಲ್ಲಿ ಮನುಷ್ಯನ ಪಾಲು

ಮಾಡಬೇಕಾದ ಕೆಲಸವನ್ನು ಮನಸ್ಸಿನಲ್ಲಿ ನಿಶ್ಚಯಿಸಿ, ಅದನ್ನು ಬಾಯಿಬಿಟ್ಟು ಹೇಳಿ, ಹೇಳಿದ ಮಾತಿಗೆ ಕಟ್ಟುಬೀಳುವುದಕ್ಕೆ ಸಂಕಲ್ಪವೆಂದು ಹೆಸರು. ಆಸೆಗೂ ಸಂಕಲ್ಪಕ್ಕೂ ಇರುವ ಅಂತರ ಇಲ್ಲಿಂದಲೇ ಶುರು. ಆಸೆಯನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ಒಳಗೇ ಇಟ್ಟುಕೊಳ್ಳಬಹುದು. ಸಂಕಲ್ಪವನ್ನು ಹಾಗೆ ಇಟ್ಟುಕೊಳ್ಳಲು ಬರುವುದಿಲ್ಲ. ಹರಕೆ ಇದಕ್ಕಿಂತ ಬೇರೆ. ಮಗನಿಗೆ ನೌಕರಿ ಸಿಕ್ಕರೆ ದೀಡ ನಮಸ್ಕಾರ ಹಾಕುತ್ತೇನೆ ಎಂಬ ಹರಕೆಯಲ್ಲಿ ದೇವರು ಮೊದಲು ಕೊಡಬೇಕು, ಮನುಷ್ಯ ಆಮೇಲೆ ಮಾಡಬೇಕು. ಸಂಕಲ್ಪದಲ್ಲಿ ಮನುಷ್ಯನೇ ಮೊದಲು ಹೆಜ್ಜೆಯಿಡುತ್ತಾನೆ. ‘ಕಂಕಣ ಕಟ್ಟಿಕೊಳ್ಳು’ ಎಂಬ ನುಡಿಗಟ್ಟೂ ಇದೇ ಮನೆಯದು. ವ್ರತಕ್ಕೆ ಕೂತವನ ಮಣಿಕಟ್ಟಿಗೆ ಅರಿಷಿಣದ ದಾರ ಬಿದ್ದರೆ ಅದನ್ನು ಬಿಚ್ಚುವ ಹೊತ್ತಿನವರೆಗೆ ಹಿಡಿದ ಕೆಲಸ ಬಿಡುವಂತಿಲ್ಲ. ಗುರಿಯನ್ನು ಇಟ್ಟುಕೊಳ್ಳುವುದು ಮತ್ತು ಮುಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಕನ್ನಡನಾಡಿನ ಧಾರ್ಮಿಕ ಬದುಕು ಕೊಟ್ಟ ಉತ್ತರ ಈ ಒಂದು ಪದದಲ್ಲೇ ಬಹಳಷ್ಟು ಅಡಗಿದೆ.

ಸಂಕಲ್ಪ ಮಾಡುವ ಕ್ರಿಯೆಯನ್ನು ಹತ್ತಿರದಿಂದ ನೋಡಬೇಕು. ಕೂತವನು ಆಚಮನ ಮಾಡಿ, ಎಡಗೈಯನ್ನು ಬಲತೊಡೆಯ ಮೇಲೆ ಅಂಗಾತ ಇಟ್ಟು, ಅದರಲ್ಲಿ ಅಕ್ಷತೆ ಹಿಡಿದು, ಬಲಗೈಯನ್ನು ಮೇಲೆ ಮುಚ್ಚುತ್ತಾನೆ. ನಂತರ ಹೇಳುವುದೆಲ್ಲ ಒಂದು ವಿಳಾಸ. ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, ಕಲಿಯುಗದ ಪ್ರಥಮ ಪಾದ ಎಂದು ಊಹೆಗೂ ನಿಲುಕದ ಕಾಲದಿಂದ ಹೊರಟು, ಶಾಲಿವಾಹನ ಶಕ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ ಎಂದು ಇಳಿಯುತ್ತ ಇಳಿಯುತ್ತ ಈ ಹೊತ್ತಿಗೆ ಬಂದು ನಿಲ್ಲುತ್ತಾನೆ. ಸ್ಥಳವೂ ಹಾಗೆಯೇ ಜಂಬೂದ್ವೀಪದಿಂದ ಕೂತ ಜಾಗದವರೆಗೆ ಇಳಿಯುತ್ತದೆ. ಬಳಿಕ ಗೋತ್ರ, ಹೆಸರು, ಮಾಡಲಿರುವ ಕೆಲಸ. ಕೊನೆಗೆ ಉದ್ಧರಣೆಯಿಂದ ನೀರು ಬಿಟ್ಟರೆ ಮಾತು ಮುಗಿಯಿತು, ಮತ್ತೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಯಾವಾಗ, ಎಲ್ಲಿ, ಯಾರು, ಏನು, ಯಾತಕ್ಕೆ ಎಂಬ ಐದಕ್ಕೂ ಉತ್ತರ ಹೇಳದೆ ಯಾವ ಕೆಲಸವನ್ನೂ ಶುರುಮಾಡದ ಶಿಸ್ತು ಇದು. ‘ಎಂದಾದರೂ ಒಂದು ದಿನ’ ಎಂಬ ಮಾತಿಗೆ ಇಲ್ಲಿ ಜಾಗವೇ ಇಲ್ಲ.

ಕೊನೆಯ ಕ್ರಿಯಾಪದ ‘ಕರಿಷ್ಯೇ’. ಮಾಡುವೆನು ಎಂದು ಅದರ ಅರ್ಥ. ಸಂಸ್ಕೃತ ವ್ಯಾಕರಣದಲ್ಲಿ ಇದು ಆತ್ಮನೇಪದ. ಕ್ರಿಯೆಯ ಫಲ ಕರ್ತೃವಿಗೇ ಸೇರುವಾಗ ಈ ರೂಪ ಬರಬೇಕೆಂದು ಪಾಣಿನಿಯ ನಿಯಮ. ಯಜಮಾನನ ಪರವಾಗಿ ಪುರೋಹಿತ ಮಾಡುವಾಗ ಅದು ‘ಕರಿಷ್ಯಾಮಿ’ ಎಂದಾಗುತ್ತದೆ. ಆದರೆ ಮಾಧ್ವರ ಮನೆಗಳಲ್ಲಿ ಅದೇ ವಾಕ್ಯದೊಳಗೆ ಇನ್ನೆರಡು ಪದಗಳಿರುತ್ತವೆ: ವಿಷ್ಣುವಿನ ಪ್ರೇರಣೆಯಿಂದ, ವಿಷ್ಣುವಿನ ಪ್ರೀತಿಗಾಗಿ. ಮಾಡುವವನು ನಾನು, ಫಲವೂ ನನಗೆ. ಮಾಡಿಸುವವನು ಅವನು, ಮಾಡುವುದು ಅವನಿಗಾಗಿ. ಒಂದೇ ಉಸಿರಿನಲ್ಲಿ ಹೇಳುವ ಈ ಎರಡು ಮಾತು ಒಂದಕ್ಕೊಂದು ಹೊಂದುತ್ತವೆಯೇ? ಗುರಿಯಲ್ಲಿ ಮನುಷ್ಯನ ಪಾಲು ಎಷ್ಟು?

ಈ ಪ್ರಶ್ನೆಯನ್ನು ಕನ್ನಡದಲ್ಲಿ ಅತ್ಯಂತ ಆಳವಾಗಿ ಬಿಡಿಸಿದ್ದು ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ಸೀಮೆ. 17ನೇ ಶತಮಾನದ ಕೊನೆಯಿಂದ 19ನೇ ಶತಮಾನದ ಆರಂಭದವರೆಗೆ ಇಲ್ಲಿನ ಮೂರು ಸಣ್ಣ ಊರುಗಳಿಂದ ಮೂವರು ದಾಸರು ಬಂದರು. ಮಾನವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ 1682ರಲ್ಲಿ ಹುಟ್ಟಿದ ವಿಜಯದಾಸರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಭಾಗಣ್ಣ, ಅಂದರೆ ಗೋಪಾಲದಾಸರು. ಮಾನವಿ ಸೀಮೆಯ ಬ್ಯಾಗವಟ್ಟಿನ ಶ್ರೀನಿವಾಸಾಚಾರ್ಯರು, ಮುಂದೆ ಜಗನ್ನಾಥದಾಸರು. ಸುತ್ತ ರಾಜ್ಯಗಳು ಏಳುತ್ತ ಬೀಳುತ್ತ ಇದ್ದ ಕಾಲ. ಮಳೆ ನಂಬುವಂತಿಲ್ಲದ ಎರೆಭೂಮಿ. ಇಂಥ ಕಡೆ ಮನುಷ್ಯನ ಪ್ರಯತ್ನ ಎಲ್ಲಿಯವರೆಗೆ, ದೈವ ಎಲ್ಲಿಂದ ಎಂಬುದು ಪಾಠಶಾಲೆಯ ಚರ್ಚೆಯಾಗಿ ಉಳಿಯಲು ಸಾಧ್ಯವಿರಲಿಲ್ಲ.

ಅವರಿಗೆ ಆಧಾರವಾಗಿದ್ದದ್ದು ಮಧ್ವಾಚಾರ್ಯರ ಸಿದ್ಧಾಂತ. ಜೀವನು ನಿಜವಾಗಿಯೂ ಕರ್ತೃ ಎನ್ನುವುದು ಅದರ ಮೊದಲ ಹೆಜ್ಜೆ. ಜೀವನಿಗೆ ಮಾಡುವ ಶಕ್ತಿಯೇ ಇಲ್ಲವಾದರೆ, ಇದನ್ನು ಮಾಡು, ಅದನ್ನು ಬಿಡು ಎಂದು ಶಾಸ್ತ್ರ ಯಾರಿಗೆ ಹೇಳಬೇಕು? ಆದರೆ ಆ ಕರ್ತೃತ್ವ ಸ್ವತಂತ್ರವಲ್ಲ ಎನ್ನುವುದು ಎರಡನೆಯ ಹೆಜ್ಜೆ. ಇದನ್ನು ತಿಳಿಸಲು ಬ್ರಹ್ಮಸೂತ್ರದಲ್ಲಿ ಬರುವ ಬಡಗಿಯ ದೃಷ್ಟಾಂತವನ್ನು ಮಧ್ವರು ತಮ್ಮದೇ ರೀತಿಯಲ್ಲಿ ಬಿಡಿಸುತ್ತಾರೆ: ಬಡಗಿ ಮಾಡಿಸುವವನ ಅಧೀನ, ಆದರೂ ಮಾಡುವವನು ಬಡಗಿಯೇ. ರಾಯಚೂರಿನ ಹಳ್ಳಿಯಲ್ಲಿ ಈ ಮಾತಿಗೆ ವಿವರಣೆ ಬೇಡ. ಬಿತ್ತನೆಗೆ ಮುಂಚೆ ರೈತ ಬಡಗಿಯ ಮನೆಗೆ ಜಾಲಿಯ ತುಂಡು ಕೊಟ್ಟು ಕೂರಿಗೆ ಮಾಡಲು ಹೇಳುತ್ತಾನೆ. ಕಟ್ಟಿಗೆ ಅವನದಲ್ಲ, ಕೂರಿಗೆ ಬೇಕೆಂಬ ನಿರ್ಧಾರ ಅವನದಲ್ಲ, ಅದು ಹೋಗುವ ಹೊಲವೂ ಅವನದಲ್ಲ. ಆದರೆ ತಾಳು ಓರೆಯಾದರೆ ಬೈಗುಳ ತಿನ್ನುವವನು ಬಡಗಿ, ಸರಿಯಾಗಿ ಕೂತರೆ ಸುಗ್ಗಿಯಲ್ಲಿ ಕಾಳು ಪಡೆಯುವವನೂ ಬಡಗಿಯೇ. ಅವನ ಪಾಲಿನ ಹೊಣೆ ಪೂರ್ತಿ ಅವನದು.

ಮಧ್ವರ ‘ಮಹಾಭಾರತತಾತ್ಪರ್ಯನಿರ್ಣಯ’ ಇದನ್ನು ಇನ್ನಷ್ಟು ಬಿಡಿಸುತ್ತದೆ. ಯಾವುದೇ ಫಲಕ್ಕೆ ಮೂರು ಕಾರಣ: ಜೀವನ ಸ್ವಭಾವವಾದ ಯೋಗ್ಯತೆ, ಅನಾದಿಯಿಂದ ಬಂದ ಕರ್ಮ, ಮತ್ತು ಪ್ರಯತ್ನ. ಮೂರೂ ಹರಿಯ ಅಧೀನ. ಈ ಮೂರರಲ್ಲಿ ಮೊದಲೆರಡು ಮನುಷ್ಯನ ಕಣ್ಣಿಗೆ ಕಾಣುವುದಿಲ್ಲ. ತನ್ನ ಯೋಗ್ಯತೆ ಎಷ್ಟೆಂದು ಯಾರೂ ಮೊದಲೇ ಅಳೆದು ನೋಡಲಾರರು. ಹಿಂದಿನ ಕರ್ಮ ಏನಿದೆಯೆಂಬ ಖಾತೆಯೂ ಯಾರ ಕೈಯಲ್ಲೂ ಇಲ್ಲ. ಹಾಗಾಗಿ ‘ನನ್ನ ಹಣೆಯಲ್ಲಿ ಬರೆದಿಲ್ಲ’ ಎಂದು ಕೆಲಸಕ್ಕೆ ಮುಂಚೆ ಹೇಳುವುದು ಈ ಸಿದ್ಧಾಂತದ ಪ್ರಕಾರ ಸುಳ್ಳು ಹೇಳಿದಂತೆ, ಏಕೆಂದರೆ ಹೇಳುವವನು ಆ ಬರಹ ಓದಿಲ್ಲ. ಕೈಯಲ್ಲಿರುವುದು ಪ್ರಯತ್ನ ಒಂದೇ. ಉಳಿದೆರಡು ಎಷ್ಟಿದ್ದವೆಂದು ತಿಳಿಯುವುದು ಪ್ರಯತ್ನ ಮುಗಿದ ಮೇಲೆ.

ಜಗನ್ನಾಥದಾಸರ ‘ಹರಿಕಥಾಮೃತಸಾರ’ ಈ ತತ್ವವನ್ನೆಲ್ಲ ಭಾಮಿನಿ ಷಟ್ಪದಿಯ ಕನ್ನಡಕ್ಕೆ ಇಳಿಸಿದ ಗ್ರಂಥ. ಅದರ ಒಂದು ಸಂಧಿಯ ಹೆಸರೇ ‘ದತ್ತಸ್ವಾತಂತ್ರ್ಯ’. ಕೊಟ್ಟ ಸ್ವಾತಂತ್ರ್ಯ. ಕನ್ನಡದ ತಾತ್ವಿಕ ಪದಗಳಲ್ಲಿ ಇಷ್ಟು ನಿಖರವಾದವು ಕಡಿಮೆ. ಸ್ವಾತಂತ್ರ್ಯ ಇಲ್ಲ ಎಂದರೆ ಮನುಷ್ಯ ಮರದ ಗೊಂಬೆಯಾಗುತ್ತಾನೆ. ತನ್ನದೇ ಎಂದರೆ ಸೋತ ದಿನ ಪೂರ್ತಿ ಮುರಿದು ಬೀಳುತ್ತಾನೆ, ಗೆದ್ದ ದಿನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಕೊಟ್ಟದ್ದು ಎಂದಾಗ ಎರಡೂ ತಪ್ಪುತ್ತವೆ. ಅಪ್ಪ ಅಂಗಡಿಗೆ ಬಂಡವಾಳ ಹಾಕಿಕೊಟ್ಟು ಗಲ್ಲಾದ ಮೇಲೆ ಕೂರಿಸಿದ ಮಗನ ಸ್ಥಿತಿ ಇದು. ಇಂದು ಏನು ಕೊಳ್ಳಬೇಕು, ಯಾವ ದರಕ್ಕೆ ಮಾರಬೇಕೆಂದು ಅವನೇ ತೀರ್ಮಾನಿಸಬೇಕು. ತೀರ್ಮಾನಿಸುವ ಅಧಿಕಾರ ಎಲ್ಲಿಂದ ಬಂತೆಂಬುದನ್ನೂ ಮರೆಯಬಾರದು.

ಈ ಗ್ರಂಥ ಬರೆದವನ ಸ್ವಂತ ಗುರಿ ಮೊದಲು ಬೇರೆಯೇ ಆಗಿತ್ತು. 1728ರಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ಮಂತ್ರಾಲಯದ ಮಠದ ವರದೇಂದ್ರತೀರ್ಥರಲ್ಲಿ ಸಂಸ್ಕೃತ ಶಾಸ್ತ್ರಗಳನ್ನು ಓದಿ ದೊಡ್ಡ ಪಂಡಿತರೆನಿಸಿಕೊಂಡರು. ವಿದ್ವತ್ಸಭೆಯಲ್ಲಿ ಹೆಸರು ಮಾಡುವುದು ಗುರಿ. ಕನ್ನಡದಲ್ಲಿ ಹಾಡು ಕಟ್ಟಿ, ತಂಬೂರಿ ಹಿಡಿದು, ಬೀದಿಯಲ್ಲಿ ಕುಣಿಯುವ ದಾಸರ ಬಗ್ಗೆ ಅವರಿಗೆ ಗೌರವವಿರಲಿಲ್ಲ. ಸಂಪ್ರದಾಯ ಹೇಳುವಂತೆ, ಮಾನವಿಗೆ ಬಂದ ವಿಜಯದಾಸರು ತೀರ್ಥಪ್ರಸಾದಕ್ಕೆ ಕರೆಕಳಿಸಿದಾಗ ಆಚಾರ್ಯರು ಹೊಟ್ಟೆನೋವಿನ ನೆಪ ಹೇಳಿ ಹೋಗಲಿಲ್ಲ. ನೆಪ ನಿಜವಾಯಿತು. ಹೊಟ್ಟೆಯ ಬೇನೆ ಹತ್ತಿ, ಅನ್ನ ಇಳಿಯದಂತಾಗಿ, ಯಾವ ಔಷಧಿಗೂ ಬಗ್ಗದೆ ಹೋಯಿತು. ಮಂತ್ರಾಲಯಕ್ಕೆ ಹೋಗಿ ರಾಯರ ಬೃಂದಾವನದ ಮುಂದೆ ಸೇವೆಗೆ ಕೂತರು. ಯಾರನ್ನು ಕಡೆಗಣಿಸಿದೆಯೋ ಅವರಲ್ಲಿಗೇ ಹೋಗು ಎಂಬ ಸೂಚನೆ ಅಲ್ಲಿ ಸಿಕ್ಕಿತು. ಆಚಾರ್ಯರು ವಿಜಯದಾಸರ ಬಳಿಗೆ ಬಂದರೆ, ಅವರು ತಮ್ಮ ಶಿಷ್ಯ ಗೋಪಾಲದಾಸರತ್ತ ಕಳಿಸಿದರು.

ಗೋಪಾಲದಾಸರು ಆಗ ಉತ್ತನೂರಿನಲ್ಲಿದ್ದರು. ಆ ಊರು ಈಗ ತೆಲಂಗಾಣದ ಗದ್ವಾಲ್ ಭಾಗಕ್ಕೆ ಸೇರಿದೆ. ತಂದೆ ತೀರಿದ ಮೇಲೆ ಆಸ್ತಿ ಕೈತಪ್ಪಿ, ತಾಯಿ ಮತ್ತು ತಮ್ಮಂದಿರೊಡನೆ ಹುಟ್ಟೂರು ಬಿಟ್ಟು ಬಂದ ಮನೆತನ ಅವರದು. ಅಂಥ ಮನೆಗೆ ಪಂಡಿತ ರೋಗಿಯಾಗಿ ಬಂದು ನಿಂತ. ಅಲ್ಲಿ ಏನು ನಡೆಯಿತೆಂಬುದನ್ನು ರಾಯಚೂರು ಸೀಮೆಯಲ್ಲಿ ಇವತ್ತಿಗೂ ಹೆಂಗಸರು ಮಕ್ಕಳಿಗೆ ಹೇಳುತ್ತಾರೆ. ಗೋಪಾಲದಾಸರು ಜೋಳದ ಭಕ್ಕರಿಯನ್ನು ಅಭಿಮಂತ್ರಿಸಿ ಕೊಟ್ಟರು. ಗಂಜಿಯೂ ಒಗ್ಗದ ಹೊಟ್ಟೆ ಭಕ್ಕರಿಯನ್ನು ಅರಗಿಸಿಕೊಂಡಿತು. ಜೊತೆಗೆ, ಗುರುವಿನ ಅಪ್ಪಣೆಯಂತೆ, ತಮ್ಮ ಆಯುಸ್ಸಿನಲ್ಲಿ 40 ವರ್ಷವನ್ನು ಅವರಿಗೆ ಧಾರೆಯೆರೆದರು. ಗೋಪಾಲದಾಸರು 1762ರಲ್ಲಿ, ಸುಮಾರು 40ರ ಪ್ರಾಯದಲ್ಲಿ ತೀರಿಕೊಂಡರು. ಜಗನ್ನಾಥದಾಸರು 80 ದಾಟಿ, 1809ರಲ್ಲಿ ಮಾನವಿಯಲ್ಲಿ ದೇಹ ಬಿಟ್ಟರು.

ಆಯುರ್ದಾನವನ್ನು ಅಕ್ಷರಶಃ ನಂಬುವವರಿದ್ದಾರೆ, ಭಕ್ತಿಯ ಕಥೆಯೆಂದು ಕೇಳುವವರೂ ಇದ್ದಾರೆ. ಎರಡರಲ್ಲಿ ಯಾವ ರೀತಿ ಕೇಳಿದರೂ ಗುರಿಯ ವಿಚಾರದಲ್ಲಿ ಅದು ಹೇಳುವ ಮಾತು ತುಂಬ ಗಂಭೀರ. ಗೋಪಾಲದಾಸರಿಗೂ ಮಾಡಬೇಕಾದದ್ದು ಇತ್ತು, ಹಾಡಬೇಕಾದದ್ದು ಇತ್ತು. ಆದರೆ ತಮ್ಮಿಂದ ಆಗುವುದಕ್ಕಿಂತ ಈ ಪಂಡಿತನಿಂದ ಆಗುವುದು ದೊಡ್ಡದೆಂದು ಗುರುವಿಗೆ ಕಂಡಿತು, ಶಿಷ್ಯ ಒಪ್ಪಿದ. ಶಾಸ್ತ್ರದ ಭಾರವನ್ನು ಕನ್ನಡದಲ್ಲಿ ಹೊರಬಲ್ಲ ಬೆನ್ನು ಅದೇ ಆಗಿತ್ತು. ಸಾಧಿಸಬೇಕಾದದ್ದು ಮುಖ್ಯವೋ, ಅದನ್ನು ತಾನೇ ಸಾಧಿಸಬೇಕೆಂಬುದು ಮುಖ್ಯವೋ? ವೈಯಕ್ತಿಕ ಗುರಿಯ ಬಗ್ಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಇರಲಾರದು. ಹೆಚ್ಚಿನವರು ಇದರಲ್ಲಿ ಗೆಲ್ಲುವುದಿಲ್ಲ. ಗೆಲ್ಲಬೇಕೆಂದು ಯಾರನ್ನೂ ಕೇಳುವ ಹಕ್ಕು ಯಾರಿಗೂ ಇಲ್ಲ. ಮೊಸರಕಲ್ಲಿನ ಭಾಗಣ್ಣ ಗೆದ್ದರು ಎಂಬುದಷ್ಟೇ ಕಥೆ.

ಬ್ಯಾಗವಟ್ಟಿನ ಪಂಡಿತನ ಕಡೆಯಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ರೋಗ ಅವರ ವಿದ್ಯೆಯನ್ನು ಕಸಿದುಕೊಳ್ಳಲಿಲ್ಲ. ಆ ವಿದ್ಯೆ ಯಾರಿಗಾಗಿ ಎಂಬುದನ್ನು ಬದಲಿಸಿತು. ಪಂಢರಪುರದ ಚಂದ್ರಭಾಗೆಯಲ್ಲಿ ಅವರಿಗೆ ‘ಜಗನ್ನಾಥವಿಠಲ’ ಎಂಬ ಅಂಕಿತ ದೊರೆಯಿತೆಂದು ಪ್ರತೀತಿ. ಅಂಕಿತವೆಂದರೆ ಬರೆದದ್ದರ ಕೊನೆಗೆ ಸ್ವಂತ ಹೆಸರಿನ ಜಾಗದಲ್ಲಿ ದೇವರ ಹೆಸರನ್ನು ಇಡುವುದು. ಪಂಡಿತನಾಗಿ ಹೆಸರು ಗಳಿಸಹೊರಟವರು ಹೆಸರನ್ನು ಒಪ್ಪಿಸಿದ ಮೇಲೆ ಬರೆದದ್ದೇ ಉಳಿಯಿತು. ಇಂದು ರಾಯಚೂರಿನ ಮನೆಗಳಲ್ಲಿ ‘ಹರಿಕಥಾಮೃತಸಾರ’ ಪಾರಾಯಣ ಮಾಡುವ ಎಷ್ಟೋ ಅಜ್ಜಿಯರಿಗೆ ಸಂಸ್ಕೃತ ಬಾರದು. ಪಂಚಭೇದ, ತಾರತಮ್ಯ, ಬಿಂಬೋಪಾಸನೆಗಳು ಅವರ ಬಾಯಲ್ಲಿವೆ.

ಗುರಿ ಒಬ್ಬರ ಬದುಕಿಗಿಂತ ಉದ್ದವಾಗಿರಬಹುದೆಂಬ ಯೋಚನೆ ಈ ಪರಂಪರೆಯಲ್ಲಿ ಗೋಪಾಲದಾಸರಿಗಿಂತ ಹಿಂದಿನದು. ಪುರಂದರದಾಸರು ಐದು ಲಕ್ಷ ಕೃತಿಗಳ ಸಂಕಲ್ಪ ಮಾಡಿದ್ದರು, 4,75,000 ಆಯಿತು, ಉಳಿದ 25,000ವನ್ನು ವಿಜಯದಾಸರು ಪೂರೈಸಿದರು ಎಂದು ದಾಸಪರಂಪರೆ ಹೇಳುತ್ತದೆ. ಲೆಕ್ಕಕ್ಕೆ ಕೂತರೆ ಈ ಸಂಖ್ಯೆ ನಿಲ್ಲುವುದಿಲ್ಲ. ನಲವತ್ತು ವರ್ಷ ಒಂದು ದಿನವೂ ಬಿಡದೆ ಬರೆದರೂ ದಿನಕ್ಕೆ 32ಕ್ಕೂ ಹೆಚ್ಚು ಕೃತಿಗಳಾಗಬೇಕು. ಉಳಿದುಬಂದಿರುವುದಂತೂ ಅದರಲ್ಲಿ ಬಹಳ ಸಣ್ಣ ಪಾಲು. ಆದರೂ ಈ ಐತಿಹ್ಯವನ್ನು ತಳ್ಳಿಹಾಕುವುದು ತಪ್ಪು. ಪುರಂದರದಾಸರು ಹಂಪಿಯಲ್ಲಿ ತೀರಿಕೊಂಡದ್ದು 1564ರಲ್ಲಿ. ವಿಜಯದಾಸರು ಚೀಕಲಪರ್ವಿಯಲ್ಲಿ ಹುಟ್ಟಿದ್ದು ಅದಾದ 118 ವರ್ಷಕ್ಕೆ. ಮನೆಯ ಬಡತನ ತಾಳಲಾರದೆ ಊರು ಬಿಟ್ಟು, ಕಾಶಿಯವರೆಗೆ ಅಲೆದು, ಬಂದು, ಸಂಸಾರ ಹೂಡಿ, ಮತ್ತೆ ಹೋದ ವಿಜಯದಾಸರಿಗೆ ಕನಸಿನಲ್ಲಿ ಪುರಂದರದಾಸರೇ ‘ವಿಜಯವಿಠಲ’ ಅಂಕಿತ ಕೊಟ್ಟರೆಂಬುದು ನಂಬಿಕೆ. ಯಾರೋ ಅರ್ಧಕ್ಕೆ ಬಿಟ್ಟದ್ದನ್ನು ಎತ್ತಿಕೊಂಡಾಗ, ದಾರಿ ಕಾಣದೆ ಅಲೆಯುತ್ತಿದ್ದವನಿಗೆ ತನ್ನ ಕೆಲಸ ಯಾವುದೆಂದು ಗೊತ್ತಾಯಿತು. ಹೊಸದೊಂದು ಗುರಿಯನ್ನು ಶೂನ್ಯದಿಂದ ಹುಟ್ಟಿಸಬೇಕೆಂದು ಒದ್ದಾಡುವ ಮನುಷ್ಯ, ಮೊದಲು ತನ್ನ ಮನೆಯಲ್ಲಿ, ಕಸುಬಿನಲ್ಲಿ, ಊರಿನಲ್ಲಿ ಅರ್ಧಕ್ಕೆ ನಿಂತ ಒಳ್ಳೆಯ ಕೆಲಸ ಯಾವುದಿದೆಯೆಂದು ನೋಡಬಹುದು.

ಯೋಗ್ಯತೆಯ ಮಾತಿಗೆ ಒಂದು ಅಪಾಯವಿದೆ, ಅದನ್ನು ಮರೆಸಬಾರದು. ಇದು ಜೀವದ ಸ್ವಭಾವಕ್ಕೆ ಸಂಬಂಧಿಸಿದ್ದು, ಮನುಷ್ಯರು ಒಬ್ಬರಿಗೊಬ್ಬರು ಹಚ್ಚುವ ಚೀಟಿಯಲ್ಲ. ಆದರೆ ‘ನಿನ್ನ ಯೋಗ್ಯತೆ ಇಷ್ಟೇ’ ಎಂದು ಮೇಲಿನವರು ಕೆಳಗಿನವರಿಗೆ ಹೇಳಿ ಗುರಿಯ ಬಾಗಿಲನ್ನೇ ಮುಚ್ಚಿದ್ದು ಈ ನಾಡಿನಲ್ಲಿ ಬೇಕಾದಷ್ಟು ನಡೆದಿದೆ. ತನ್ನ ಯೋಗ್ಯತೆ ತನಗೇ ಕಾಣದು ಎನ್ನುವ ಶಾಸ್ತ್ರದಡಿ ಇನ್ನೊಬ್ಬರದನ್ನು ಅಳೆಯುವ ಅಧಿಕಾರ ಯಾರಿಗೂ ಬರುವುದಿಲ್ಲ. ಹೆಣ್ಣುಮಗಳು ಹಾಡು ಕಟ್ಟುವುದನ್ನು ಜನ ಸಹಿಸದ ಕಾಲದಲ್ಲಿ ಹೆಳವನಕಟ್ಟೆ ಗಿರಿಯಮ್ಮನಿಗೆ ಅಂಕಿತ ಕೊಟ್ಟವರು ಗೋಪಾಲದಾಸರೇ ಎಂಬ ಸಂಪ್ರದಾಯದ ಮಾತನ್ನು ಇಲ್ಲಿ ನೆನೆಯಬೇಕು.

ಗುರಿಯ ಅಳತೆಯ ಬಗ್ಗೆ ಇದೇ ಜಿಲ್ಲೆಯಿಂದ ಬಂದ ಇನ್ನೊಂದು ದನಿ 12ನೇ ಶತಮಾನದ್ದು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಮಾರಯ್ಯ, ಲಕ್ಕಮ್ಮ ದಂಪತಿ ಕಲ್ಯಾಣಕ್ಕೆ ಹೋಗಿ, ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವ ಕಾಯಕ ಹಿಡಿದವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಳಗೆ ಬಿಟ್ಟುಕೊಳ್ಳದೆ, ಹೆಚ್ಚಿನದನ್ನು ಅಲ್ಲೇ ಹಾಕಿ ಬಾ ಎಂದು ಕಳಿಸಿದಳು. ಕಾಯಕಕ್ಕೆ ಹೊತ್ತು ಮೀರಿದಾಗ ಗಂಡನನ್ನು ಎಬ್ಬಿಸಿ ಕಳಿಸಿದವಳೂ ಅವಳೇ. ಕೆಲಸದಲ್ಲಿ ಒಂದು ಗಳಿಗೆಯೂ ಕಡಿಮೆಯಾಗಬಾರದು, ಗಳಿಕೆಯಲ್ಲಿ ಒಂದು ಹಿಡಿಯೂ ಹೆಚ್ಚಾಗಬಾರದು. ದಾಸರಿಗೂ ಶರಣರಿಗೂ ಸಿದ್ಧಾಂತದಲ್ಲಿ ದೂರ ಬಹಳ. ಆದರೆ ಗುರಿಗೆ ಮೇಲಿನ ಎಲ್ಲೆಯನ್ನೂ ಗೊತ್ತುಮಾಡಬೇಕೆಂಬ ಲಕ್ಕಮ್ಮನ ತಿಳಿವು ದಾಸರಲ್ಲಿ ಇಷ್ಟು ಮೊನಚಾಗಿ ಸಿಗುವುದಿಲ್ಲ. ‘ಸಾಕು’ ಎಲ್ಲಿ ಎಂದು ಮೊದಲೇ ಹೇಳಿಕೊಳ್ಳದವನು ಗುರಿ ಮುಟ್ಟಿದ್ದು ಅವನಿಗೇ ತಿಳಿಯುವುದಿಲ್ಲ.

ಹಾಗೆಂದು ಲೌಕಿಕ ಗುರಿಗಳನ್ನು ಈ ಪರಂಪರೆ ಕೀಳಾಗಿ ಕಂಡಿಲ್ಲ. ಸಂಕಟದಲ್ಲಿರುವವನು, ತಿಳಿಯಬಯಸುವವನು, ಹಣ ಬಯಸುವವನು, ಜ್ಞಾನಿ ಎಂದು ಗೀತೆ ನಾಲ್ಕು ಬಗೆಯ ಭಕ್ತರನ್ನು ಹೇಳುವಾಗ ಮೂರನೆಯವನನ್ನು ಹೊರಗಿಡುವುದಿಲ್ಲ. ಮಂತ್ರಾಲಯದಲ್ಲಿ ನೌಕರಿಗಾಗಿ, ಸಂತಾನಕ್ಕಾಗಿ ಪ್ರದಕ್ಷಿಣೆ ಹಾಕುವವರು ತಪ್ಪು ಮಾಡುತ್ತಿಲ್ಲ. ಮುಖ್ಯ ಪ್ರಶ್ನೆ ಆ ದೊಡ್ಡ ಬಯಕೆಯನ್ನು ದಿನದ ಕೆಲಸಕ್ಕೆ ಇಳಿಸಿಕೊಳ್ಳುವುದು ಹೇಗೆ ಎಂಬುದು.

ಇಲ್ಲಿ ‘ಹರಿಕಥಾಮೃತಸಾರ’ದ ಶ್ವಾಸಸಂಧಿ ಬೆಳಕು ಕೊಡುತ್ತದೆ. ಮನುಷ್ಯ ಒಂದು ಹಗಲು ಒಂದು ಇರುಳಿನಲ್ಲಿ 21,600 ಸಲ ಉಸಿರಾಡುತ್ತಾನೆ, ಪ್ರತಿ ಉಸಿರಿನಲ್ಲೂ ಹಂಸಮಂತ್ರದ ಜಪ ನಡೆದೇ ಇರುತ್ತದೆ ಎಂಬ ಲೆಕ್ಕ ಅಲ್ಲಿದೆ. ನಿಮಿಷಕ್ಕೆ 15 ಉಸಿರು, 60 ನಿಮಿಷ, 24 ತಾಸು. ಗುಣಿಸಿದರೆ ಸರಿಯಾಗಿ 21,600. ಮೋಕ್ಷವೆಂಬ ಗುರಿ ಮನುಷ್ಯನ ಕಲ್ಪನೆಗೆ ಬರುವ ಗುರಿಗಳಲ್ಲೆಲ್ಲ ದೂರದ್ದು. ಅದಕ್ಕೆ ಬೇಕಾದ ಸಾಧನೆಯನ್ನು ‘ಕಲ್ಪಸಾಧನ’ ಸಂಧಿ ಕಲ್ಪಗಳ ಲೆಕ್ಕದಲ್ಲಿ ಹೇಳುತ್ತದೆ. ಅಷ್ಟು ದೂರದ್ದನ್ನು ಕವಿ ನಾಲ್ಕು ಸೆಕೆಂಡಿನ ಉಸಿರಿಗೆ ತಂದು ಕಟ್ಟುತ್ತಾನೆ. ಕಲ್ಪ ಮತ್ತು ಉಸಿರು, ಎರಡೇ ಅಳತೆ. ನಡುವಿನ ಐದು ವರ್ಷದ ಯೋಜನೆ, ಹತ್ತು ವರ್ಷದ ಯೋಜನೆ ದಾಸರಿಗೆ ಬೇಕಿರಲಿಲ್ಲ. ಊಟವೂ ಬಿಟ್ಟುಹೋಗಿಲ್ಲ, ‘ಭೋಜನ’ ಸಂಧಿ ತಟ್ಟೆಯಲ್ಲಿರುವ ಒಂದೊಂದು ಪದಾರ್ಥಕ್ಕೂ ಒಂದೊಂದು ಅನುಸಂಧಾನ ಹೇಳುತ್ತದೆ. ಸಾಧನೆಗೆ ಬೇರೆ ಹೊತ್ತು ಸಿಗುತ್ತಿಲ್ಲ ಎನ್ನುವವನಿಗೆ, ಉಣ್ಣುವ ಹೊತ್ತು ಇದೆಯಲ್ಲ ಎಂದು ಹೇಳಿದಂತೆ.

ರಾಯಚೂರು ನಗರದಲ್ಲಿ ದೇವದುರ್ಗ, ಮಾನವಿ ಕಡೆಯ ಹಳ್ಳಿಗಳಿಂದ ಬಂದು, ಬಾಡಿಗೆ ಖೋಲಿಯಲ್ಲಿ ಇಬ್ಬರು ಮೂವರು ಕೂಡಿ ಇದ್ದು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಸಾಕಷ್ಟಿದ್ದಾರೆ. ಪಿಎಸ್‌ಐ ಆಗಬೇಕು, ಎಫ್‌ಡಿಎ ಆಗಬೇಕು ಎಂದು ಗೋಡೆಗೆ ಚೀಟಿ ಹಚ್ಚಿರುತ್ತಾರೆ. ಆಗುವುದು ಬಿಡುವುದು ಹುದ್ದೆಗಳ ಸಂಖ್ಯೆ, ಕಟ್‌ಆಫ್, ಮೀಸಲಾತಿ, ಪರೀಕ್ಷೆಯ ದಿನದ ಆರೋಗ್ಯ ಇಷ್ಟೆಲ್ಲವನ್ನೂ ಅವಲಂಬಿಸಿದೆ. ಇವತ್ತು ಬೆಳಗ್ಗೆ ಐದಕ್ಕೆ ಎದ್ದು ಕರ್ನಾಟಕದ ಇತಿಹಾಸದ ಒಂದು ಪಾಠ ಮುಗಿಸುವುದು ಮಾತ್ರ ಬೇರೆ ಯಾವುದನ್ನೂ ಅವಲಂಬಿಸಿಲ್ಲ. ದತ್ತಸ್ವಾತಂತ್ರ್ಯದ ಎಲ್ಲೆ ಅಲ್ಲಿದೆ. ಗೋಡೆಯ ಚೀಟಿಯ ಮೇಲೆ ಹುದ್ದೆಯ ಹೆಸರಿಗಿಂತ ಆ ಪಾಠದ ಹೆಸರಿರುವುದು ಸಂಕಲ್ಪಕ್ಕೆ ಹತ್ತಿರ.

ಹಿಡಿದ ನಿಯಮ ನಡುವೆ ತಪ್ಪಿದರೆ? ಹೊಸ ವರ್ಷಕ್ಕೆ ಹಿಡಿದ ನಿಯಮಗಳು ಸಂಕ್ರಾಂತಿಗೆ ಮುಂಚೆಯೇ ಸಾಯುವುದು ಮೊದಲ ತಪ್ಪಿಗಿಂತ ಹೆಚ್ಚಾಗಿ, ತಪ್ಪಿದ ಮೇಲೆ ಏನು ಮಾಡಬೇಕೆಂದು ಗೊತ್ತಿಲ್ಲದ್ದರಿಂದ. ಪೂಜೆಯ ವಿಧಿಯಲ್ಲಿ ಇದಕ್ಕೆ ಮೊದಲೇ ಜಾಗವಿದೆ. ನಡುವೆ ಮಂತ್ರ, ತಂತ್ರ, ಸ್ವರ, ವರ್ಣಗಳಲ್ಲಿ ಬಿದ್ದ ಲೋಪಕ್ಕೆ ಪ್ರಾಯಶ್ಚಿತ್ತವಾಗಿ ಅಚ್ಯುತ, ಅನಂತ, ಗೋವಿಂದ ಎಂಬ ಮೂರು ನಾಮಗಳ ಜಪ ಮಾಡುತ್ತಾರೆ. ಆ ಜಪಕ್ಕೂ ಮುನ್ನ ‘ಕರಿಷ್ಯೇ’ ಎನ್ನುತ್ತಾರೆ. ತಪ್ಪು ನಡೆದೇ ನಡೆಯುತ್ತದೆಂದು ತಿಳಿದು, ರಿಪೇರಿಯನ್ನೂ ಕೆಲಸದ ಒಂದು ಅಂಗವನ್ನಾಗಿ ಇಟ್ಟ ವಿಧಿ ಇದು. ಲೋಪವಾಯಿತೆಂದು ಪೂಜೆಯನ್ನು ಅರ್ಧಕ್ಕೆ ಬಿಟ್ಟು ಏಳುವ ಪದ್ಧತಿ ಎಲ್ಲೂ ಇಲ್ಲ. ಹಾಗೆಯೇ ಹಿಡಿದ ವ್ರತಕ್ಕೆ ಉದ್ಯಾಪನೆಯೂ ಇದೆ, ಮುಗಿಯಿತೆಂದು ನಾಲ್ಕು ಜನರ ಮುಂದೆ ಹೇಳಿ ಮುಗಿಸುವುದು.

ಪ್ರಯತ್ನದಾಚೆ ಏನೇನಿದೆ ಎಂಬುದನ್ನು ಗೀತೆಯ 18ನೇ ಅಧ್ಯಾಯ ಐದು ಕಾರಣಗಳಾಗಿ ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ಕೊನೆಗೆ ದೈವ. ಮಾನವಿಯ ಕಾಲುವೆ ಕೆಳಗಿನ ಭತ್ತದ ರೈತನಿಗೆ ಈ ಐದೂ ಪರಿಚಿತ. ಹೊಲ ಇದೆ, ತಾನಿದ್ದಾನೆ, ಟ್ರ್ಯಾಕ್ಟರ್ ಇದೆ, ಸಸಿ ಮಡಿ ಮಾಡಿ ನಾಟಿ ಹಚ್ಚಿದ್ದಾನೆ. ನೀರು ಬರಬೇಕಾದದ್ದು ದೂರದ ತುಂಗಭದ್ರಾ ಜಲಾಶಯದಿಂದ, ಎಡದಂಡೆ ಕಾಲುವೆಯ ಕೊನೆಯವರೆಗೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಗೆ ಹರಿದುಹೋಗುತ್ತಿದ್ದ ಆ ದಿನಗಳಲ್ಲಿ ಕಾಲುವೆಯ ಕೊನೆಯ ರೈತ ಮಾಡಬಹುದಾದದ್ದು ಏನೂ ಇರಲಿಲ್ಲ. ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು. ಹರಿಯುವ ನೀರಿನ ನಡುವೆ ಅದನ್ನು ಇಳಿಸಿದವರದೂ ಪ್ರಯತ್ನವೇ. ಒಬ್ಬರ ಪಾಲಿಗೆ ದೈವವಾಗಿ ಬಂದದ್ದು ಇನ್ನೊಬ್ಬರ ಪಾಲಿನ ಚೇಷ್ಟೆಯಾಗಿತ್ತು.

ಮಳೆಯಾಶ್ರಿತ ಎರೆಹೊಲದ ರೈತನಲ್ಲಿ ಇದೇ ತಿಳಿವು ಇನ್ನೂ ಹಳೆಯದು. ಹಿಂಗಾರಿ ಜೋಳಕ್ಕೆ ಅವನು ಕ್ಯಾಲೆಂಡರಿನ ತಾರೀಕು ಗೊತ್ತುಮಾಡಿಕೊಳ್ಳುವುದಿಲ್ಲ. ಉತ್ತರೆ, ಹಸ್ತದ ಮಳೆ ನೋಡಿ, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹದ ನೋಡುತ್ತಾನೆ. ಹದ ಬಂದ ದಿನ ಮಾತ್ರ ನೆಂಟರ ಮನೆಯ ಮದುವೆಯಿದ್ದರೂ ಕೂರಿಗೆ ಹೊಲಕ್ಕೆ ಹೋಗಲೇಬೇಕು. ಕಾಯುವುದೂ ಪ್ರಯತ್ನದ ಒಂದು ಭಾಗ, ಆದರೆ ಕೂರಿಗೆ ಸಜ್ಜುಮಾಡಿಟ್ಟುಕೊಂಡವನು ಕಾಯುವುದಕ್ಕೆ ಮಾತ್ರ ಆ ಹೆಸರು.

ದೊಡ್ಡ ಕೆಲಸದಲ್ಲಿ ಒಬ್ಬನ ಪಾಲು ಎಷ್ಟೆಂಬುದಕ್ಕೆ ಸಾಕ್ಷಿಯಾಗಿ ರಾಯಚೂರು ಕೋಟೆಯ ಗೋಡೆಯಲ್ಲಿ ಒಂದು ಭಾರಿ ಕಲ್ಲಿದೆ. ಉದ್ದ ಸುಮಾರು 41 ಅಡಿ. ಕಾಕತೀಯರ ಕಾಲದಲ್ಲಿ, 1294ರಲ್ಲಿ ಕೋಟೆ ಕಟ್ಟಿಸಿದ ವಿವರವುಳ್ಳ ತೆಲುಗು ಶಾಸನ ಅದರ ಮೇಲಿದೆ. ಅಪರೂಪದ ಸಂಗತಿಯೆಂದರೆ, ಆ ಕಲ್ಲನ್ನು ತಂದ ಬಗೆಯ ಚಿತ್ರವನ್ನು ಪಕ್ಕದಲ್ಲೇ ಗೀರಿದ್ದಾರೆ. ಗಟ್ಟಿ ಗಾಲಿಗಳ ಬಂಡಿ, ಅದರ ಮೇಲೆ ಕಲ್ಲು, ಮುಂದೆ ಜೋಡಿ ಜೋಡಿಯಾಗಿ ಹೂಡಿದ ಕೋಣಗಳ ಉದ್ದನೆಯ ಸಾಲು, ಚಾವಟಿ ಹಿಡಿದು ಹೊಡೆಯುವವರು, ಹಿಂದೆ ಗಾಲಿಗೆ ಮರದ ಸನ್ನೆಗೋಲು ಕೊಟ್ಟು ನೂಕುವವರು. ಕೋಟೆ ಕಟ್ಟಿಸಿದವರ ಹೆಸರು ಶಾಸನದಲ್ಲಿದೆ. ಸನ್ನೆಗೋಲು ಹಿಡಿದವರ ಹೆಸರಿಲ್ಲ, ಅವರ ಕೈಗಳಿವೆ. ಒಂದು ಗಾಲಿಗೆ ಕೋಲು ಕೊಟ್ಟು ನಿಂತವನಿಗೆ ಕೋಟೆಯ ನಕ್ಷೆ ಕಂಡಿರಲಾರದು. ಅವನ ಗುರಿ ಆ ಗಾಲಿ ಇನ್ನೊಂದು ಗೇಣು ಮುಂದೆ ಹೋಗುವುದು. ಕಲ್ಲು ಗೋಡೆಗೆ ಸೇರಿ 700 ವರ್ಷ ದಾಟಿದೆ.

ಫಲವನ್ನು ದೇವರಿಗೆ ಬಿಟ್ಟರೆ ಮನುಷ್ಯ ಸೋಮಾರಿಯಾಗುತ್ತಾನೆ ಎಂಬ ಆಕ್ಷೇಪಕ್ಕೆ ಈ ಮೂವರು ದಾಸರ ಬದುಕಿಗಿಂತ ಬೇರೆ ಉತ್ತರ ಬೇಡ. ಎಲ್ಲವೂ ಹರಿಯದೆಂದು ಸಾರಿದ ವಿಜಯದಾಸರ ಸುಳಾದಿಗಳನ್ನು ಓದಿ ಮುಗಿಸಲು ಒಬ್ಬ ಓದುಗನಿಗೆ ವರ್ಷಗಳು ಬೇಕು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಹಸಿದವನಿಗೆ, ದೇವದುರ್ಗದಿಂದ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುವವನಿಗೆ ಈ ತತ್ವ ಏನು ಕೊಡುತ್ತದೆ? ಅವನ ಅಧಿಷ್ಠಾನವೇ, ಅಂದರೆ ಕಾಲೂರುವ ನೆಲೆಯೇ, ಇಲ್ಲವಾಗಿದೆ. ಅದನ್ನು ಒದಗಿಸುವುದು ಸಮಾಜದ, ಸರ್ಕಾರದ ಪಾಲಿನ ಪ್ರಯತ್ನ. ಅವನ ಕರ್ಮವೆಂದು ಅದನ್ನು ಅವನ ತಲೆಗೆ ಕಟ್ಟುವುದು ಶಾಸ್ತ್ರವೂ ಒಪ್ಪದ ಅನ್ಯಾಯ. ಭಾಗಣ್ಣನ ಮನೆಯವರೂ ನೆಲೆ ಕಳೆದುಕೊಂಡು ಗುಳೆ ಹೋದವರೇ. ಉತ್ತನೂರಿನಲ್ಲಿ ಕಾಲೂರಲು ಜಾಗ ಸಿಕ್ಕ ಮೇಲೆಯೇ ಗೋಪಾಲದಾಸರು ಗೋಪಾಲದಾಸರಾದದ್ದು.

ಕೆಲಸದ ಕೊನೆಗೆ ಮತ್ತೆ ಒಂದು ಉದ್ಧರಣೆ ನೀರು ಬಿಟ್ಟು ‘ಕೃಷ್ಣಾರ್ಪಣ’ ಎನ್ನುತ್ತಾರೆ. ಮೊದಲು ಬಿಟ್ಟ ನೀರು ಹೊಣೆಯನ್ನು ಹೊರಲು, ಕೊನೆಗೆ ಬಿಡುವ ನೀರು ಅದನ್ನು ಇಳಿಸಲು. ನಡುವಿನದಷ್ಟೂ ಮನುಷ್ಯನ ಪಾಲು. ಜಗನ್ನಾಥದಾಸರ ಆರಾಧನೆ ಭಾದ್ರಪದ ಶುದ್ಧ ನವಮಿಯಂದು ಮಾನವಿಯಲ್ಲಿ ನಡೆಯುತ್ತದೆ. ಅಲ್ಲಿನ ಕಂಬದಲ್ಲಿ ಅವರ ಸನ್ನಿಧಾನವಿದೆಯೆಂದು ಭಕ್ತರು ನಂಬುತ್ತಾರೆ. ಅಂದು ಪಾರಾಯಣವಾಗುವ ‘ಹರಿಕಥಾಮೃತಸಾರ’ ಅವರ ಅಂಕಿತದೊಂದಿಗೆ ಮುಗಿಯುವುದಿಲ್ಲ. 32 ಸಂಧಿಗಳಾದ ಮೇಲೆ ಬರುವ ಫಲಸ್ತುತಿ ಅವರ ಶಿಷ್ಯ ಕರ್ಜಗಿ ದಾಸಪ್ಪನವರದು, ಅಂಕಿತ ‘ಶ್ರೀದವಿಠಲ’.